ಚಿಕ್ಕಂದಿನಲ್ಲಿ ಹಳೇ ಸಿನಿಮಾ ನೋಡಲೇ ಇಲ್ಲ, ಈಗ ಎಲ್ಲಿಂದ ಶುರು ಮಾಡಲಿ?

ಹಾವೇರಿಯಿಂದ ಪ್ರಶ್ನೆ: ಸಿನಿಮಾ ನೋಡಿದರೆ ಮಕ್ಕಳು ಹಾಳಾಗ್ತಾರೆ ಅನ್ನೋ ಮನೆ ನಮ್ಮದು. ಟಿವಿ ಬರುವಷ್ಟರಲ್ಲಿ ನಾನು ಹಾಸ್ಟೆಲ್ ಸೇರಿದ್ದೆ. ಈಗ ಆಫೀಸಿನಲ್ಲಿ ಯಾರಾದರೂ ಅಣ್ಣಾವ್ರ ಡೈಲಾಗ್ ಹೊಡೆದರೆ ಸುಮ್ನೆ ಹಲ್ಲು ಕಿರಿಯೋದು. ಮಕ್ಕಳ ಜೊತೆ ಕೂತು ನೋಡಬೇಕು, ಯಾವುದು ಮೊದಲು?

ಹುಬ್ಬಳ್ಳಿಯಿಂದ: ನಮ್ಮ ಮನೆಯವರದ್ದೂ ಇದೇ ಕಥೆ. ಭಾನುವಾರ ಸಂಜೆ ದೂರದರ್ಶನದಲ್ಲಿ ಸಿನಿಮಾ ಶುರುವಾಯ್ತು ಅಂದರೆ ಅವರ ಊರಲ್ಲಿ ಕರೆಂಟ್ ಹೋಗ್ತಿತ್ತಂತೆ. ಅಳಿಸೋ ಸಿನಿಮಾ ಮೊದಲೇ ಹಾಕಬೇಡಿ. ‘ಕಸ್ತೂರಿ ನಿವಾಸ’ (1971) ದೊಡ್ಡ ಸಿನಿಮಾ, 2014ರಲ್ಲಿ ಬಣ್ಣದಲ್ಲೂ ಬಂತು, ಆದರೆ ಆ ಪಾರಿವಾಳದ ಸೀನ್ ನೋಡಿ ನಮ್ಮ ಸಣ್ಣವನು ರಾತ್ರಿ ಊಟಾನೇ ಮಾಡಲಿಲ್ಲ. ‘ಗಣೇಶನ ಮದುವೆ’ ಹಾಕಿ. ಅನಂತನಾಗ್, ಒಂದು ವಠಾರ, ಓನರ್ ಜೊತೆ ಜಗಳ, ಮಕ್ಕಳಿಗೆ ಬೇರೇನೂ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ‘ಬಂಗಾರದ ಮನುಷ್ಯ’ (1972). ಅದಕ್ಕೆ ಮಾತ್ರ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ರಾಜ್‌ಕುಮಾರ್ ಬಂಡೆ ಒಡೆಯೋ ಹಾಡು ಬಂದಾಗ ನಮ್ಮ ಅತ್ತೆ ರಿಮೋಟ್ ಕಸಿದುಕೊಂಡು ನಿಲ್ಲಿಸಿ, ‘ನಮ್ಮ ಹೊಲದಾಗೂ ಬಾವಿ ತೋಡುವಾಗ ಹಿಂಗ ಕಲ್ಲು ಬಿದ್ದಿತ್ತು’ ಅಂತ ಶುರು ಮಾಡಿದರು, ಯಾರು ಬಂದು ಮದ್ದು ಇಟ್ಟರು, ಎಷ್ಟು ಸಾಲ ಆಯ್ತು, ಕೊನೆಗೆ ಬಂದ ನೀರು ಉಪ್ಪಾಗಿತ್ತು ಅಂತೆಲ್ಲಾ. ಸಿನಿಮಾ ಅಲ್ಲೇ ನಿಂತಿತ್ತು, ಮಕ್ಕಳು ಅವರ ಬಾಯಿ ನೋಡ್ತಾ ಕೂತಿದ್ದವು. ಆ ಸಿನಿಮಾ ನಮ್ಮ ಮನೆಯಲ್ಲಿ ಮುಗಿದಿದ್ದು ಮರುದಿನ.

ಧಾರವಾಡದಿಂದ: ಅಳು ಬೇಡ ಅಂದರೆ ಹೇಗ್ರೀ? ‘ಬೆಟ್ಟದ ಹೂವು’ ತೋರಿಸಿ. ಬಡ ಹುಡುಗ ಕಾಡಿನ ಹೂ ತಂದು ಮಾರಿ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳೋಕೆ ದುಡ್ಡು ಕೂಡಿಸ್ತಾನೆ. ಪುನೀತ್‌ಗೆ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ಬಂದಿದ್ದು ಇದಕ್ಕೇ. ಕೊನೆಗೆ ಆ ದುಡ್ಡು ಏನಾಯ್ತು ಅಂತ ನಾನು ಹೇಳಲ್ಲ.

ಗದಗದಿಂದ: ನಮ್ಮ ಕಡೆಯವರಾಗಿ ಪಂಚಾಕ್ಷರ ಗವಾಯಿಗಳ ಸಿನಿಮಾ (1995) ಬಿಡೋದು ಸರಿಯಲ್ಲ. ಎಸ್‌ಪಿಬಿಗೆ ರಾಷ್ಟ್ರಪ್ರಶಸ್ತಿ ತಂದ ಹಾಡು ಅದರಲ್ಲಿದೆ. ನೋಡಿದ ಮೇಲೆ ಮಕ್ಕಳನ್ನು ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಇಲ್ಲಿನ ವೀರೇಶ್ವರ ಪುಣ್ಯಾಶ್ರಮಕ್ಕೂ ಕರ್ಕೊಂಡು ಬನ್ನಿ. ಇನ್ನೊಂದು, ಯೂಟ್ಯೂಬ್‌ನಲ್ಲಿ ಹಳೇ ಸಿನಿಮಾ ಹಾಕೋ ಮುಂಚೆ ಎಷ್ಟು ಹೊತ್ತಿದೆ ನೋಡಿ. ತೀರಾ ಚಿಕ್ಕದಿದ್ದರೆ ಹಾಡು ಕತ್ತರಿಸಿರ್ತಾರೆ, ಬೇರೆ ಹುಡುಕಿ.