ಜನರ ಹುಡುಕಾಟ ನೋಡಿ ಡೆಂಗ್ಯೂ ಭಯ ಅಳೆಯಬಹುದಾ? ಅನುಭವ ಇದ್ದವರು ಹೇಳ್ರಿ

ಧಾರವಾಡದ ಎಂಎಸ್‌ಡಬ್ಲ್ಯು ವಿದ್ಯಾರ್ಥಿನಿ:
ಮಳೆಗಾಲದಲ್ಲಿ ಅವಳಿ ನಗರದ ಜನ ಡೆಂಗ್ಯೂ ಬಗ್ಗೆ ಏನು ಹುಡುಕುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಅನ್ನೋದು ನನ್ನ ಪ್ರಬಂಧದ ವಿಷಯ. ಜನ ಯಾವ ಪದ ಎಷ್ಟು ಹುಡುಕ್ತಾರೆ ಅಂತ ತೋರಿಸೋ ಗೂಗಲ್ ಟ್ರೆಂಡ್ಸ್‌ನಲ್ಲಿ 'ಡೆಂಗ್ಯೂ ಹುಬ್ಬಳ್ಳಿ' ಅಂತ ಹಾಕಿದರೆ ಒಂದು ವಾರ 100, ಮರುವಾರ 0. ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆಪಟ್ಟಿನೂ ಕಳಿಸಬೇಕು ಅಂತಿದ್ದೇನೆ. ಇಂಥ ಕೆಲಸ ಮಾಡಿದವರು ಎಲ್ಲಿ ಎಡವಿದಿರಿ, ತಿಳಿಸ್ತೀರಾ?

ಗದಗದಿಂದ, ಇದೇ ಕೆಲಸ ಮಾಡಿದವನು:
ಆ 100 ಅಂದರೆ ನೂರು ಮಂದಿ ಅಲ್ಲ. ನೀವು ಆಯ್ದ ಅವಧಿಯಲ್ಲಿ ಒಟ್ಟು ಹುಡುಕಾಟದಲ್ಲಿ ಆ ಪದದ ಪಾಲು ಅತಿ ಹೆಚ್ಚಿದ್ದ ವಾರಕ್ಕೆ 100 ಕೊಟ್ಟು, ಉಳಿದ ವಾರಗಳನ್ನ ಅದಕ್ಕೆ ಹೋಲಿಸಿರುತ್ತಾರೆ. 0 ಅಂದರೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹಾಗಾಗಿ ಇಡೀ ಕರ್ನಾಟಕ, ಐದು ವರ್ಷ ತಗೊಳ್ಳಿ. ಬೇರೆ ಬೇರೆ ದಿನ ಇಳಿಸಿಕೊಂಡು ಸರಾಸರಿ ತೆಗೀರಿ, ಅಂಕಿ ಸ್ವಲ್ಪ ಅಲುಗಾಡುತ್ತೆ.

ನಾನು ಎಡವಿದ್ದು ಪದದಲ್ಲಿ. ಎರಡು ತಿಂಗಳು ಬರೀ 'ಡೆಂಗ್ಯೂ' ಹಿಡಿದು ಕೂತಿದ್ದೆ. ಜನ ಡೆಂಗಿ, ಡೆಂಗೀ, ಡೆಂಗು ಅಂತಲೂ ಬರೀತಾರೆ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೀತಾರೆ. 'ಜ್ವರ ಮೈಕೈ ನೋವು' ಅಂತ ಕೇಳೋರು ಬಹುಪಾಲು ಇನ್ನೂ ದವಾಖಾನೆ ಮೆಟ್ಟಿಲು ಹತ್ತಿರಲ್ಲ. 'ಪ್ಲೇಟ್‌ಲೆಟ್ ಎಷ್ಟಿರಬೇಕು', 'ಪಪ್ಪಾಯಿ ಎಲೆ ರಸ' ಅನ್ನೋರ ಕೈಯಲ್ಲಿ ಹೆಚ್ಚಾಗಿ ಆಗಲೇ ರಕ್ತದ ರಿಪೋರ್ಟ್ ಇರುತ್ತೆ. ಇವೆರಡನ್ನ ಒಂದೇ ಗೆರೆಗೆ ಕೂಡಿಸಬೇಡಿ.

ಸುದ್ದಿಯನ್ನೂ ಪಕ್ಕದಲ್ಲಿಟ್ಟು ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಅಂಥ ಹೊತ್ತಲ್ಲಿ ಗಟ್ಟಿಮುಟ್ಟಾಗಿರೋರೂ ಹುಡುಕುತ್ತಾರೆ. ಗೂಗಲ್‌ನವರೇ ಹುಡುಕಾಟ ನೋಡಿ ಫ್ಲೂ ಜ್ವರ ಎಷ್ಟಿದೆ ಅಂತ ಅಂದಾಜಿಸೋಕೆ 2008ರಲ್ಲಿ ಶುರು ಮಾಡಿದ ಫ್ಲೂ ಟ್ರೆಂಡ್ಸ್, 2012–13ರ ಚಳಿಗಾಲದಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ತೋರಿಸಿತ್ತು. ಡೆಂಗ್ಯೂಗೂ 2011ರಲ್ಲಿ ಇಂಥದ್ದೊಂದು ಬಂತು, ಭಾರತವೂ ಅದರಲ್ಲಿತ್ತು. 2015ರಲ್ಲಿ ಎರಡೂ ನಿಂತವು. ಜಿಲ್ಲಾ ಆರೋಗ್ಯ ಇಲಾಖೆಯ ಅಂಕಿ ಜೊತೆಗಿಲ್ಲದೆ ಬರೀ ಗೆರೆ ನೋಡಿ ತೀರ್ಮಾನ ಬರೀಬೇಡಿ.

ಹಳೇ ಹುಬ್ಬಳ್ಳಿ, ಔಷಧ ಅಂಗಡಿ:
ತಂಗೆವ್ವ, ಫೋನಿನಾಗ ಹುಡುಕಿದಾವ್ರಿಗೇ ಜ್ವರ ಬಂದೈತಿ ಅಂತ ತಿಳ್ಕೋಬ್ಯಾಡವಾ. ಮೊನ್ನೆ ಒಬ್ರು ಅಜ್ಜಿ ಮೊಮ್ಮಗನ ಕರ್ಕೊಂಡು ಬಂದಿದ್ರು. ಅಂವ ಮೈಕ್ ಒತ್ತಿ ಕೇಳ್ಯಾನ, "ಅಜ್ಜಿಗೆ ಕೈಕಾಲು ಹರಿಯಾಕತ್ತಾವ." ಅಂದ್ರ ಕೈಕಾಲು ಭಾಳ ನೋಯಾಕತ್ತಾವ ಅಂತ. ಫೋನಿಗೆ ನಮ್ಮ ಮಾತು ತಿಳಿದಿಲ್ಲ, ಕೈಕಾಲು ಹರಿದ್ರ ಹೊಲಿಗಿ ಹಾಕ್ಸ್ರಿ ಅನ್ನೂವಂಥ ಉತ್ತರ ಕೊಟ್ಟಿತ್ತು. ಅಜ್ಜಿಗೆ ಭಾಳ ಗಾಬರಿ. ಹಿಂಗ ಹುಡುಕಾಟದಾಗ ಸಿಗದ ಮಂದಿ ಭಾಳ ಅದಾರ. ಒಂದಿನ ಇಂಥ ಅಂಗಡ್ಯಾಗ ಕೂತು, ಏನೇನು ಕೇಳ್ತಾರ ಬರ್ಕೋ.

ಹಾವೇರಿಯಿಂದ, ನರ್ಸ್:
ನಾವು ಪ್ರಶ್ನೆಪಟ್ಟಿ ಕಳಿಸಿದ್ವಿ. 'ಮನೆಯಲ್ಲಿ ಸೊಳ್ಳೆ ಉತ್ಪತ್ತಿ ತಾಣ ಇದೆಯೇ?' ಅಂದಿದ್ದಕ್ಕೆ ಎಲ್ಲರೂ 'ಇಲ್ಲ'. 'ನಳ ಎಷ್ಟು ದಿನಕ್ಕೊಮ್ಮೆ ಬರ್ತದ? ಬ್ಯಾರಲ್ ಒಳಮೈ ತಿಕ್ಕಿ ತೊಳೆದದ್ದು ಯಾವಾಗ?' ಅಂತ ತಿದ್ದಿದ ಮೇಲೆ ನಿಜ ಹೊರಬಂತು. ನೀರು ಚೆಲ್ಲಿದರೂ ಸೊಳ್ಳೆ ತತ್ತಿ ಬ್ಯಾರಲ್ ಮೈಗೆ ಅಂಟಿಕೊಂಡೇ ಇರುತ್ತೆ, ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಕಿದರೆ ಮರಿ ಆಗುತ್ತೆ. ತಿಕ್ಕಿದೀರಾ ಅಂತ ಕೇಳಬೇಕಾದ್ದು ಅದಕ್ಕೆ.

ಹೆಸರು, ನಂಬರ್ ಕೇಳಬೇಡಿ, ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ತಗೊಳ್ಳಿ. ನಾವೂ ಹಾಗೇ ಮಾಡಿದ್ವಿ. ಕೊನೆಯ ಖಾಲಿ ಜಾಗದಲ್ಲಿ ಒಬ್ಬ ತಾಯಿ ಬರೆದಿದ್ದರು: 'ಮಗನಿಗೆ ಜ್ವರ ಇಳಿದಿದೆ, ಆದರೆ ಹೊಟ್ಟೆ ಭಾಳ ನೋಯ್ತದೆ, ವಸಡಿನಲ್ಲಿ ರಕ್ತ. ಏನು ಮಾಡಲಿ?' ಡೆಂಗ್ಯೂನಲ್ಲಿ ಜ್ವರ ಇಳಿಯೋ ಹೊತ್ತೇ ಅಪಾಯದ ಹೊತ್ತು. ಅದನ್ನ ನಾನು ಓದಿದ್ದು ಆರು ದಿನದ ಮೇಲೆ. ಹೆಸರಿಲ್ಲ, ನಂಬರಿಲ್ಲ, ಎಲ್ಲಿ ಅಂತ ಹುಡುಕಲಿ? ಈಗ ನನ್ನ ಫಾರ್ಮ್‌ನ ಮೊದಲ ಸಾಲು ಹೀಗಿದೆ: 'ಹೊಟ್ಟೆ ನೋವು, ಬಿಡದ ವಾಂತಿ, ರಕ್ತ ಕಂಡರೆ ಇದನ್ನ ತುಂಬಬೇಡಿ, ಈಗಲೇ ದವಾಖಾನೆಗೆ ಹೋಗಿ. ಗಾಡಿ ಬೇಕಾದರೆ 108.'