ಮಗಳಿಗಿರುವುದು ಡಿಸ್ಲೆಕ್ಸಿಯಾನಾ, ಎಡಿಎಚ್‌ಡಿನಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳಿಗೆ 9 ವರ್ಷ. ಓದು ನಿಧಾನ, ಲೆಕ್ಕದಲ್ಲೂ ಹಿಂದೆ. ಒಬ್ಬರು ಡಿಸ್ಲೆಕ್ಸಿಯಾ (ಓದು-ಬರಹ ಕಲಿಯುವುದರಲ್ಲಿ ತೊಂದರೆ) ಅಂದರು, ಇನ್ನೊಬ್ಬರು ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಅಂದರು, ಮೂರನೆಯವರು ಯಾವುದೂ ಪೂರ್ತಿ ಹೊಂದುವುದಿಲ್ಲ ಅಂತ ಕಳಿಸಿದರು. ಯಾರ ಮಾತು ನಂಬಲಿ?

ಒಬ್ಬ ತಾಯಿ: ಮೂವರು ಹೇಳಿದ್ದರಲ್ಲೂ ಸ್ವಲ್ಪ ನಿಜ ಇರಬಹುದು. ನನ್ನ ಮಗನಿಗೆ ಎರಡೂ ಇದೆ. ಎರಡೂ ಒಟ್ಟಿಗೆ ಇರುವ ಮಕ್ಕಳು ತುಂಬಾ ಜನ. ಈ ಹೆಸರುಗಳ ನಡುವಿನ ಗೆರೆ ಅಷ್ಟು ಗಟ್ಟಿ ಅಲ್ಲ. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಆಟಿಸಂ ಇರುವ ಮಗುವಿಗೆ ಎಡಿಎಚ್‌ಡಿಯೂ ಇದೆ ಅಂತ ಬರೆಯುವ ಹಾಗೇ ಇರಲಿಲ್ಲ, ಆಮೇಲೆ ನಿಯಮ ಬದಲಾಯಿತು. ಮಕ್ಕಳು ಮೊದಲೂ ಹಾಗೇ ಇದ್ದರು, ಅಲ್ವಾ?

ವಿಶೇಷ ಶಿಕ್ಷಕಿ: ನಾನು ಹೆಸರಿಗಿಂತ ಮೊದಲು ಮಗು ಎಲ್ಲಿ ತಡವರಿಸುತ್ತದೆ ಅಂತ ನೋಡುತ್ತೇನೆ. ಕೇಂಬ್ರಿಡ್ಜ್‌ನ ಸಂಶೋಧಕರು ಕಲಿಕೆಯಲ್ಲಿ ಕಷ್ಟಪಡುವ 500ಕ್ಕೂ ಹೆಚ್ಚು ಮಕ್ಕಳ ನೆನಪು, ಭಾಷೆಯಂಥ ಸಾಮರ್ಥ್ಯಗಳ ಪರೀಕ್ಷೆಯ ಅಂಕಗಳನ್ನು, ಯಾರಿಗೆ ಯಾವ ಡಯಾಗ್ನೋಸಿಸ್ ಅಂತ ತಿಳಿಸದೆ, ಕಂಪ್ಯೂಟರ್‌ಗೆ ಕೊಟ್ಟು ಗುಂಪು ಮಾಡಿಸಿದರು. ನಾಲ್ಕು ಗುಂಪು ಬಂದವು. ಒಂದಕ್ಕೆ ಮಾತಿನ ಶಬ್ದಗಳನ್ನು ಬಿಡಿಸಿ ಗುರುತಿಸುವುದು ಕಷ್ಟ, ಒಂದಕ್ಕೆ ವರ್ಕಿಂಗ್ ಮೆಮೊರಿಯ (ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ತಲೆಯಲ್ಲಿ ಹಿಡಿದಿಡುವ ಶಕ್ತಿಯ) ತೊಂದರೆ, ಒಂದಕ್ಕೆ ಎಲ್ಲದರಲ್ಲೂ ತೊಂದರೆ, ಇನ್ನೊಂದರ ಅಂಕಗಳು ವಯಸ್ಸಿಗೆ ತಕ್ಕಂತೆಯೇ ಇದ್ದವು. ಈ ಗುಂಪುಗಳು ಡಯಾಗ್ನೋಸಿಸ್‌ಗೆ ತಾಳೆಯಾಗಲಿಲ್ಲ.

ತರಗತಿಯಲ್ಲಿ ನಾನು ಕಾಣುವುದೂ ಇದನ್ನೇ. "ಪುಸ್ತಕ ತೆಗಿ, 42ನೇ ಪುಟಕ್ಕೆ ಹೋಗು, ಮೂರನೇ ಲೆಕ್ಕ ಮಾಡು" ಅಂದರೆ ಕೆಲವು ಮಕ್ಕಳು ಪುಸ್ತಕ ತೆಗೆದು ಸುಮ್ನೆ ಕೂರುತ್ತಾರೆ. ಗಮನ ಇಲ್ಲ ಅಂತ ಬೈಸಿಕೊಳ್ಳುತ್ತಾರೆ. ಉಳಿದ ಎರಡು ಮಾತು ಅಷ್ಟರಲ್ಲಿ ತಲೆಯಿಂದ ಜಾರಿರುತ್ತವೆ, ಅಷ್ಟೇ. ಅಂಥವರಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿ, ಲೆಕ್ಕದ ಹಂತಗಳನ್ನು ಬರೆದು ಕಣ್ಣೆದುರು ಇಡಿ. ಶಬ್ದದಲ್ಲೇ ತೊಂದರೆ ಇದ್ದರೆ ಇದು ಸಾಲದು, ಯಾವ ಅಕ್ಷರಕ್ಕೆ ಯಾವ ಶಬ್ದ ಅಂತ ಕ್ರಮವಾಗಿ, ನಿಧಾನವಾಗಿ, ಮತ್ತೆ ಮತ್ತೆ ಕಲಿಸಬೇಕು. ಮೆಮೊರಿ ಹೆಚ್ಚಿಸುವ ಗೇಮ್‌ಗಳಿಗೆ ದಯವಿಟ್ಟು ದುಡ್ಡು ಹಾಕಬೇಡಿ. ಮಗು ಆ ಗೇಮ್‌ನಲ್ಲಿ ಚುರುಕಾಗುತ್ತದೆ, ಓದು ಲೆಕ್ಕಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಒಬ್ಬ ತಂದೆ: ಟೀಚರ್ ಹೇಳಿದ್ದು ನಿಜ. ಆದರೂ ರಿಪೋರ್ಟ್ ಬಿಡಬೇಡಿ, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಲು ಆ ಹೆಸರು ಬೇಕೇ ಬೇಕಾಗುತ್ತದೆ. ಕೊನೆಯ ಸಾಲಿನ ಹೆಸರಷ್ಟೇ ಓದದೆ ಒಳಗಿನ ಅಂಕಗಳನ್ನೂ ವಿವರಿಸಿ ಅಂತ ರಿಪೋರ್ಟ್ ಕೊಟ್ಟವರನ್ನೇ ಕೇಳಿ. ನಮಗೆ ಉಪಯೋಗಕ್ಕೆ ಬಂದದ್ದು ಆ ಪುಟಗಳೇ. ಮಗಳ ಕಣ್ಣು, ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಇದೇ ತೊಂದರೆಯೊಂದಿಗೆ ಬೆಳೆದವರು: ಅವಳನ್ನೂ ಕೇಳಿ ನೋಡಿ. ಓದುವಾಗ ಏನಾಗುತ್ತದೆ, ಯಾವಾಗ ಸುಲಭ ಅನ್ನಿಸುತ್ತದೆ ಅಂತ. 9 ವರ್ಷದ ಮಗು ತುಂಬಾ ಚೆನ್ನಾಗಿ ಹೇಳುತ್ತದೆ. ನನ್ನನ್ನು ಯಾರೂ ಕೇಳಿರಲಿಲ್ಲ.