ಲೇಕ್ ಪ್ಲೆಸೆಂಟ್‌ನಲ್ಲಿ ಆರ್‌ವಿ ಮತ್ತು ದೋಣಿ: ಕೊಳ್ಳುವುದೋ, ಬಾಡಿಗೆಯೋ? ಅನುಭವಸ್ಥರು ತಿಳಿಸಿ

ಚಾಂಡ್ಲರ್ ನಿವಾಸಿ: ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಮೈಸೂರಿನಿಂದ ತಂದೆ-ತಾಯಿ ಬರುತ್ತಿದ್ದಾರೆ. ಅವರನ್ನೂ ಹನ್ನೊಂದು ವರ್ಷದ ಮಗಳನ್ನೂ ಕರೆದುಕೊಂಡು ಅರಿಜೋನಾದ ಲೇಕ್ ಪ್ಲೆಸೆಂಟ್ ಜಲಾಶಯದ ಉದ್ಯಾನದಲ್ಲಿ ತಂಗಬೇಕೆಂದಿದ್ದೇನೆ. ಆರ್‌ವಿಯನ್ನೂ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಗಾಡಿ) ಚಿಕ್ಕ ದೋಣಿಯನ್ನೂ ಕೊಳ್ಳುವುದು ಲೇಸೋ, ಬಾಡಿಗೆಗೆ ಪಡೆಯುವುದು ಲೇಸೋ? ಮಗಳಿಗೆ ಮೀನು ಹಿಡಿಯುವ ಆಸೆಯೂ ಇದೆ.

ಟ್ರೇಲರ್ ಮಾಲೀಕ: ಸಂಕೋಚವಿಲ್ಲದೆ ಕೊಳ್ಳಿರಿ. ನಾನು ಇಪ್ಪತ್ತನಾಲ್ಕು ಅಡಿಯ ಹಳೆಯ ಟ್ರೇಲರನ್ನು, ಎಂದರೆ ಬೇರೆ ವಾಹನದ ಹಿಂದೆ ಕಟ್ಟಿ ಎಳೆಯುವ ಆರ್‌ವಿಯನ್ನು, 18,500 ಡಾಲರಿಗೆ ಕೊಂಡವನು. ಜೂನ್ ತಿಂಗಳ ಒಂದು ಮಧ್ಯಾಹ್ನ ಐ-17 ಹೆದ್ದಾರಿಯಲ್ಲಿ ಬಲಬದಿಯ ಟೈರು ಸಿಡಿದು, ಕಿತ್ತುಬಂದ ರಬ್ಬರು ಬಡಿದು ಚಕ್ರದ ಮೇಲಿನ ತಗಡೂ ಅದರ ಹಿಂದಿನ ನೀರಿನ ಕೊಳವೆಯೂ ಹರಿದುಹೋದವು. ಮಾರಿದವರು ಟೈರು ಹೊಸದೆಂದು ಹೇಳಿದ್ದರು. ಆದರೆ ಅದರ ಪಕ್ಕದಲ್ಲಿ ಅಚ್ಚೊತ್ತಿದ್ದ ನಾಲ್ಕು ಅಂಕಿಗಳು, ಎಂದರೆ ತಯಾರಾದ ವಾರ ಮತ್ತು ವರ್ಷ, ಅದಕ್ಕೆ ಏಳು ವರ್ಷವಾಗಿದೆಯೆಂದು ಸಾರುತ್ತಿದ್ದವು. ಟೈರುಗಳಿಗೆ 620 ಡಾಲರ್, ತಗಡಿಗೂ ಕೊಳವೆಗೂ 1,140, ಎಳೆಸಿಕೊಂಡು ಬರಲು 275. ಬಡಾವಣೆಯ ಸಂಘದವರು ಮನೆಯ ಮುಂದೆ ನಿಲ್ಲಿಸಲು ಬಿಡದ ಕಾರಣ ಮಾಡಿನಡಿಯ ಜಾಗಕ್ಕೆ ತಿಂಗಳಿಗೆ 165 ಕೊಡುತ್ತೇನೆ. ಹೊರಗೆ 110 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಎಸಿ ಒಳಗಿನ ಬಿಸಿಯನ್ನು ಇಪ್ಪತ್ತು ಡಿಗ್ರಿ ಇಳಿಸಿದರೆ ಅದೇ ಹೆಚ್ಚು; 30 ಆಂಪಿಯರ್ ಸಂಪರ್ಕದಲ್ಲಿ ಅದರ ಜೊತೆಗೆ ಮೈಕ್ರೋವೇವನ್ನೂ ಕೆಟಲನ್ನೂ ಹಚ್ಚಿದರೆ ಬ್ರೇಕರ್ ಬೀಳುವುದು ಖಂಡಿತ. ಇಷ್ಟೆಲ್ಲ ಆದರೂ ನನ್ನ ಪಾತ್ರೆ, ನನ್ನ ಹಾಸಿಗೆ, ನನ್ನ ಶೌಚಾಲಯ ಎಂಬ ನೆಮ್ಮದಿಗೆ ಬೆಲೆ ಕಟ್ಟಲಾಗದು.

ಬಾಡಿಗೆಯೇ ಮೇಲು: ಕಟ್ಟಲಾಗದ ಬೆಲೆಯನ್ನು ಮಾನ್ಯರು ಸೆಂಟಿನ ಮಟ್ಟಕ್ಕೆ ಕಟ್ಟಿಯೇ ತೋರಿಸಿದ್ದಾರೆ! ನಾವು ಆರ್‌ವಿಯನ್ನು ರಾತ್ರಿಗೆ 189 ಡಾಲರಿನಂತೆ ಪಡೆದೆವು; ಶುಚಿಗೊಳಿಸಲು 125, ಜನರೇಟರಿಗೆ ಗಂಟೆಗೆ 4, ಠೇವಣಿ 1,500. ಜುಲೈನ ಮುಂಗಾರು ಸಂಜೆ ಧೂಳಿನ ಗಾಳಿ ಎದ್ದು, ಬಾಗಿಲ ಬದಿಯ ಬಟ್ಟೆಯ ಚಪ್ಪರದ ತೋಳು ಇನ್ನಷ್ಟು ಬಾಗಿತು. ಅದು ಮೊದಲೇ ಬಾಗಿತ್ತೆಂಬುದಕ್ಕೆ ನಮ್ಮಲ್ಲಿ ಫೋಟೋ ಇದ್ದರೂ ಮಾಲೀಕರು 940 ಡಾಲರನ್ನು ಮುರಿದುಕೊಂಡರು. ಆ ಉರಿ ಇನ್ನೂ ಆರಿಲ್ಲ. ಆದರೂ ವರ್ಷವಿಡೀ ಖಾಲಿ ನಿಲ್ಲುವ ಗಾಡಿಗೆ ಬಾಡಿಗೆ ತೆರುವವರ ಸಾಲಿಗೆ ನಾನು ಸೇರಲಾರೆ.

ಟ್ರೇಲರ್ ಮಾಲೀಕ: ಮುಂಗಾರಿನಲ್ಲಿ ಚಪ್ಪರ ಬಿಚ್ಚಿಟ್ಟು ನಿದ್ದೆಹೋದವರು ಇತರರಿಗೆ ಲೆಕ್ಕ ಕಲಿಸುವುದು ಬೇಡ.

ಬಾಡಿಗೆಯೇ ಮೇಲು: ನಿದ್ದೆಹೋಗಿದ್ದೆವೆಂದು ಬರೆದವರು ಯಾರು? ಓದಿ ಉತ್ತರಿಸಿ.

ದೋಣಿಯವ: ಇಬ್ಬರೂ ನೀರಿನ ಮಾತನ್ನೇ ಎತ್ತಿಲ್ಲ. ಈ ಜಲಾಶಯಕ್ಕೆ ಆಗ್ವಾ ಫ್ರಿಯಾ ನದಿಯಿಂದ ಬರುವುದು ಸ್ವಲ್ಪವೇ. ಬಹುಪಾಲು ಸೆಂಟ್ರಲ್ ಅರಿಜೋನಾ ಕಾಲುವೆ ಹೊತ್ತು ತರುವ ಕೊಲೊರಾಡೋ ನದಿಯ ನೀರು. ಚಳಿಗಾಲದಲ್ಲಿ ಅದನ್ನು ಮೇಲಕ್ಕೆ ಪಂಪ್ ಮಾಡಿ ತುಂಬಿಸುತ್ತಾರೆ, ಬೇಸಿಗೆಯಲ್ಲಿ ಹೊರಬಿಟ್ಟು ವಿದ್ಯುತ್ತನ್ನೂ ಪಡೆಯುತ್ತಾರೆ. ಆಷಾಢದಲ್ಲಿ ಕೆಆರ್‌ಎಸ್ ತುಂಬುವುದನ್ನು ನೋಡಿ ಬೆಳೆದ ನಮಗೆ ಇಲ್ಲಿ ಎಲ್ಲವೂ ತಿರುಗುಮುರುಗು: ವಸಂತದಲ್ಲಿ ತುಂಬಿದ್ದ ಕೆರೆ ಶರತ್ಕಾಲದ ಹೊತ್ತಿಗೆ ಇಳಿದಿರುತ್ತದೆ. ಏಪ್ರಿಲ್‌ನಲ್ಲಿ ಆರಾಮವಾಗಿ ದಾಟಿದ ಜಾಗದಲ್ಲೇ ಸೆಪ್ಟೆಂಬರ್‌ನಲ್ಲಿ ನನ್ನ ಪ್ರೊಪೆಲ್ಲರ್ ಬಂಡೆಗೆ ತಾಗಿತು. ಹದಿನೆಂಟು ಅಡಿಯ ದೋಣಿಯ ಕೆಳಗಿನ ಗೇರ್‌ಪೆಟ್ಟಿಗೆಗೆ 2,300, ಪ್ರೊಪೆಲ್ಲರಿಗೆ 385, ಕೆಲಸಗಾರರ ಕೂಲಿ 640. ಅದಾದ ಮೇಲೆ ರಿಪೇರಿಯವರು ಏಳು ವಾರ ಕಾಯಿಸಿದರು. ಇನ್ನು ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ ಕ್ವಾಗಾ ಎಂಬ ಸಣ್ಣ ಚಿಪ್ಪುಮೀನಿನ ಕಾಟ. 2007ರಲ್ಲಿ ಇಲ್ಲಿ ಕಾಣಿಸಿಕೊಂಡಾಗಿನಿಂದ ಅದು ಹೋಗಿಲ್ಲ. ಎಂಜಿನ್ನಿನ ತಂಪುನೀರಿನ ದಾರಿಯಲ್ಲಿ ಕಟ್ಟಿಕೊಂಡರೆ ಮುಗಿಯಿತು. ನೀರಿನಿಂದ ಮೇಲೆತ್ತಿದ ಕೂಡಲೇ ದೋಣಿಯ ಬಿರಡೆ ತೆಗೆದು ಒಳಗಿನ ನೀರು ಬಸಿದು, ತೊಳೆದು, ಒಣಗಿಸಿಯೇ ಹೊರಡಬೇಕು. ಬಾಡಿಗೆ ದೋಣಿಯವರು ಇದನ್ನು ಮಾಡುವುದನ್ನು ನಾನು ನೋಡಿಲ್ಲ.

ಬಾಡಿಗೆಯೇ ಮೇಲು: ಬಾಡಿಗೆ ದೋಣಿಗಳು ಬೇರೆ ಕೆರೆಗೆ ಹೋಗದೆ ಅಲ್ಲಿನ ಮರೀನಾದಲ್ಲೇ (ದೋಣಿಗಳ ತಂಗುದಾಣ) ನಿಲ್ಲುತ್ತವೆ ಸ್ವಾಮಿ. ಚಿಪ್ಪುಮೀನನ್ನು ಊರಿಂದೂರಿಗೆ ಹೊರುವವರು ತಮ್ಮಂಥ ಸ್ವಂತ ದೋಣಿಯವರೇ.

ದಡದ ಗಾಳಗಾರ್ತಿ: ಯಾವುದನ್ನೂ ಕೊಳ್ಳದೆ, ದಡದಲ್ಲಿ ಕುರ್ಚಿ ಹಾಕಿಕೊಂಡು ರಾತ್ರಿ ದೀಪದ ಕೆಳಗೆ ಆಂಚೊವಿ ಎಂಬ ಸಣ್ಣ ಮೀನಿನ ತುಂಡನ್ನು ಗಾಳಕ್ಕೆ ಸಿಕ್ಕಿಸಿ ಪಟ್ಟೆ ಬಾಸ್ ಮೀನು ಹಿಡಿಯುವವಳು ನಾನು. ಅಟ್ಲಾಂಟಿಕ್ ಕರಾವಳಿಯ ಈ ಮೀನು ಇಲ್ಲಿಗೆ ತಲುಪಿದ್ದೇ ಕಾಲುವೆಯ ಮೂಲಕ. ನಾನು ಪರವಾನಗಿಗೆ ಕೊಟ್ಟದ್ದು 37 ಡಾಲರ್, ಹತ್ತು ತುಂಬಿದ ನನ್ನ ಮಗನಿಗೆ 5. ಹತ್ತರ ಕೆಳಗಿನವರಿಗೆ ಪರವಾನಗಿ ಬೇಡ. ನನ್ನ ರಾತ್ರಿಯನ್ನು ಹಾಳುಮಾಡುವುದು ಮೀನಲ್ಲ, ಆರ್‌ವಿಗಳ ಜನರೇಟರ್. ಅದರ ಗದ್ದಲದಲ್ಲಿ ಕಾಡುಕತ್ತೆಗಳು ಬಂದು ನನ್ನ ಬ್ರೆಡ್ಡಿನ ಚೀಲ ಎಳೆದದ್ದೂ ಕೇಳಿಸಲಿಲ್ಲ.

ಟ್ರೇಲರ್ ಮಾಲೀಕ: ಹಿಡಿದು ಮತ್ತೆ ನೀರಿಗೆ ಬಿಡುವುದಾದರೆ ಆ ಮೀನಿಗೆ ಹಿಂಸೆಯೇಕೆ?

ದಡದ ಗಾಳಗಾರ್ತಿ: ನಾನು ಬಿಡುವುದಿಲ್ಲ, ಹುಳಿ ಮಾಡುತ್ತೇನೆ. ಅಲ್ಲದೆ ಎಸಿ ಇಲ್ಲದೆ ನಿದ್ದೆ ಬರದವರಿಂದ ಹಿಂಸೆಯ ಪಾಠ ಕೇಳಲಾರೆ.

ಚಾಂಡ್ಲರ್ ನಿವಾಸಿ: ದೋಣಿಯಲ್ಲಿ ಮಗಳಿಗೆ ಲೈಫ್ ಜಾಕೆಟ್ ಕಡ್ಡಾಯವೇ?

ದೋಣಿಯವ: ಅರಿಜೋನಾದಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳು ಅದನ್ನು ಧರಿಸಿಯೇ ಇರಬೇಕು. ಡಿಸೆಂಬರ್ 15ರ ಬಳಿಕವಾದರೆ ಉತ್ತರದ ಆಗ್ವಾ ಫ್ರಿಯಾ ಕವಲಿನ ಕಡೆ ಹೋಗಲೇಬೇಡಿ. ಬೋಳು ಹದ್ದುಗಳ ಗೂಡಿಗಾಗಿ ಜೂನ್ ಮಧ್ಯದವರೆಗೆ ಆ ಭಾಗವನ್ನು ತೇಲುಗುರುತು ಹಾಕಿ ಮುಚ್ಚಿರುತ್ತಾರೆ. ಕಳೆದ ಚಳಿಗಾಲ ಒಂದು ಬಾಡಿಗೆ ಪಾಂಟೂನ್ (ಚಪ್ಪಟೆ ಅಟ್ಟದ ದೋಣಿ) ಆ ಗುರುತನ್ನು ದಾಟಿ ಒಳಗೆ ನುಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬಾಡಿಗೆಯೇ ಮೇಲು: ಅದು ಬಾಡಿಗೆಯದೆಂದು ಅಷ್ಟು ದೂರದಿಂದ ಹೇಗೆ ತಿಳಿಯಿತು?